ಹೆಜ್ಜೆ ಅಳಿಸುವವಳು ಮೈದಾನ ಉಳಿಸಿದಳು

ಬೆಳಗಿನ ಐದೂಕಾಲು. ಬೀದಿದೀಪ ಇನ್ನೂ ಆರಿಲ್ಲ, ಪೊರಕೆ ಆಗಲೇ ಎದ್ದಿದೆ. ಎರಡು ಎಕರೆ ಮೈದಾನದ ಆ ತುದಿಯಿಂದ ಸರ್ ಸರ್ ಸದ್ದು ಗೇಟಿನ ಕಡೆ ಬರುತ್ತಿದೆ. ಬರುತ್ತಿರುವವಳ ಮುಖ ಮಾತ್ರ ಕಾಣುವುದಿಲ್ಲ. ಏಕೆಂದರೆ ‘ಪೊರಕೆ ಅಕ್ಕ’ ಗುಡಿಸುವುದು ಗೇಟಿಗೆ ಬೆನ್ನು ಹಾಕಿ, ಹಿಂದಕ್ಕೆ ನಡೆಯುತ್ತಾ, ತನ್ನ ಹೆಜ್ಜೆಯನ್ನೂ ತಾನೇ ಗುಡಿಸಿಕೊಳ್ಳುತ್ತಾ. ಎಡಗಾಲು ತುಸು ಎಳೆಯುತ್ತದೆ, ಕೆಲಸ ಎಳೆಯುವುದಿಲ್ಲ. ಎಂಟಕ್ಕೆ ಮೈದಾನ ಇಸ್ತ್ರಿ ಹಾಕಿದ ಬಟ್ಟೆಯಂತಿರುತ್ತದೆ, ಗೇಟಿಗೆ ಬೀಗ ಬೀಳುತ್ತದೆ. ಅದು ತೆರೆಯುವುದು ಮತ್ತೆ ಸಂಜೆ ನಾಲ್ಕಕ್ಕೆ, ಬಡಾವಣೆಯ ಜನಕ್ಕೆ.

ಹತ್ತೊಂಬತ್ತು ವರ್ಷದಿಂದ ಇದೇ ದಿನಚರಿ. ದಿನಕ್ಕೆ ಒಂಬತ್ತು ಬುಟ್ಟಿ ಎಲೆ, ಇಪ್ಪತ್ತು ದಿನಕ್ಕೊಂದು ಪೊರಕೆ. ಲೇತ್ ಕಾರ್ಖಾನೆ ಮುಚ್ಚಿ ಗಂಡ ಮನೆಯಲ್ಲಿ ಕೂತಾಗ ಪುರಸಭೆಯ ಈ ಕೆಲಸ ಹಿಡಿದವಳು. ಏಳನೇ ವರ್ಷ ಕಸದ ಗಾಡಿ ಕಾಲ ಮೇಲೆ ಬಿತ್ತು. ಹನ್ನೆರಡು ದಿನ ರಜೆ. ‘ಹದಿಮೂರನೇ ದಿನ ಬಂದು ನೋಡ್ತೀನಿ, ಮೈದಾನ ತಲೆ ಬಾಚದ ಮಗು ಥರ ಇತ್ತು’ ಎನ್ನುತ್ತಾಳೆ. ಗೇಟಿನ ಪಕ್ಕದ ಅವಳ ಕೋಣೆಯಲ್ಲಿ ಹುಡುಗರು ವಿಕೆಟ್ ಮಾಡಿಕೊಳ್ಳುವ ಇಟ್ಟಿಗೆಗಳು ಸಾಲಾಗಿ ಕೂತಿವೆ. ಒಂದು ಡಬ್ಬದಲ್ಲಿ ಜನ ಮರೆತುಹೋದ ಚಪ್ಪಲಿ, ಇವತ್ತಿಗೆ ಇಪ್ಪತ್ತಾರು, ಎಲ್ಲವೂ ಒಂಟಿ. ‘ಜೋಡಿ ಬಿಟ್ಟಿದ್ರೆ ಯಾರಾದ್ರೂ ಹಾಕ್ಕೋತಿದ್ರು. ಒಂಟಿಗೆ ಯಾರಿದಾರೆ, ನಾನೇ!’

ಇಂಥ ಅಚ್ಚುಕಟ್ಟೇ ಕಳೆದ ವರ್ಷ ಎಡವಟ್ಟಾಯಿತು. ಮೇಲಿನ ಸರ್ಕಾರ ಪುರಸಭೆಗೆ ಹೊಸ ಕಟ್ಟಡಕ್ಕೆ ಅನುದಾನ ಕೊಡುತ್ತೇನೆಂದಿತು. ಆದರೆ ಪುರಸಭೆ ತನ್ನ ಪಾಲು ಹಾಕಬೇಕು. ಪಾಲಿಗೆ ದುಡ್ಡಿಲ್ಲ, ಜಾಗ ಇದೆ. ಅನುದಾನ ಬರಲೆಂದು ಮೈದಾನ ಮಾರುವ ಯೋಚನೆ ಹುಟ್ಟಿತು. ಸರ್ವೆ ಸಾಹೇಬರು ಬಂದದ್ದು ಒಂದು ಬೆಳಗ್ಗೆ ಒಂಬತ್ತಕ್ಕೆ. ಗೇಟಿಗೆ ಬೀಗ, ಒಳಗೆ ಒಂದು ಹೆಜ್ಜೆಯ ಗುರುತೂ ಇಲ್ಲ. ‘ಸದರಿ ಜಾಗ ಖಾಲಿ ಇದ್ದು, ಬಳಕೆಯ ಯಾವುದೇ ಕುರುಹು ಕಂಡುಬಂದಿಲ್ಲ’ ಎಂದು ಬರೆದು ಹೋದರು. ಜನರ ಪಾಲಿಗೆ ಕಾಲಿಗೊಂದು ಜಾಗ, ಕಡತದ ಪಾಲಿಗೆ ಖಾಲಿ ಜಾಗ.

ಗೇಟಿಗೆ ಅಂಟಿಸಿದ್ದ, ಸಾಹೇಬರ ಆ ಸಾಲೂ ಇದ್ದ ಮಾರಾಟದ ನೋಟಿಸನ್ನು ಓದಿ ಹೇಳಿದವನು ಎದುರು ಅಂಗಡಿಯ ಟೈಲರ್. ಓದಿ ಮುಗಿಸಿ ಸಿಡುಕಿದ: ‘ಅಕ್ಕಾ, ನೀನು ನೆಲ ಗುಡಿಸ್ಲಿಲ್ಲ, ನಮ್ಮನ್ನೇ ಗುಡಿಸಿ ಗುಂಡಾಂತರ ಮಾಡ್ಬಿಟ್ಟೆ!’

ಅಕ್ಕನಿಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ.

ಮುನ್ನೂರ ಹನ್ನೆರಡು ಮನೆಯವರು ತಕರಾರಿಗೆ ಸಹಿ ಹಾಕಿದರು. ಪುರಸಭೆ ಮರುಪರಿಶೀಲನೆಗೆ ಒಪ್ಪಿತು. ಸಾಹೇಬರು ಮತ್ತೆ ಬರುತ್ತಾರೆ, ಅದೇ ಒಂಬತ್ತಕ್ಕೆ. ಟೈಲರ್ ಬಂದು ತಲೆ ಕೆರೆದುಕೊಂಡ. ‘ಅವತ್ತು ಬಾಯಿ ತಪ್ಪಿ ಅಂದ್ಬಿಟ್ಟೆ, ಮನಸಿಗೆ ಹಚ್ಕೋಬೇಡ. ನಾಲ್ಕು ದಿನ ಗುಡಿಸ್ಬೇಡ ಅಷ್ಟೆ. ಸುಳ್ಳು ಹೇಳೋದೇನೂ ಬೇಡ, ಸುಮ್ನಿದ್ರೆ ಸಾಕು.’

ಸುಮ್ಮನಿರುವುದೇನು ಸುಮ್ಮನೆ ಮಾತೇ? ಆ ನಾಲ್ಕು ದಿನ ಅಕ್ಕ ತನ್ನ ಎರಡನೇ ಮಹಡಿಯ ಮನೆಯನ್ನು ದಿನಕ್ಕೆ ಐದು ಸಲ ಗುಡಿಸಿದಳು. ಗಂಡ ಕಾಲೆತ್ತಿ ಮಂಚದ ಮೇಲೆ ಕೂತ. ‘ಸಾಕು ಮಾರಾಯ್ತಿ, ನೆಲ ಸವೆದು ಕೆಳಗಿನ ಮನೆಯವರ ತಲೆ ಕಾಣ್ತಿದೆ!’

ಐದನೇ ದಿನ ಸಾಹೇಬರು ಬಂದರು. ಬೀಗ ತೆಗೆದವಳು ಅಕ್ಕ. ಒಳಗೆ ಕಾಲಿಡಹೋದವರನ್ನು ತಡೆದಳು: ‘ಸ್ವಲ್ಪ ಈ ಕಡೆಯಿಂದ ಬನ್ನಿ ಸಾರ್, ಅಲ್ಲಿ ಅಜ್ಜಿ ಇದಾರೆ.’ ಸಾಹೇಬರು ಸುತ್ತ ನೋಡಿದರು. ಯಾವ ಅಜ್ಜಿಯೂ ಇಲ್ಲ. ಅಕ್ಕ ಬಗ್ಗಿ ನೆಲ ತೋರಿಸಿದಳು. ‘ಇದೇ ಅಜ್ಜಿ. ಎರಡು ಹೆಜ್ಜೆಗೊಂದು ಕೋಲಿನ ತೂತು. ಹೋದ ತಿಂಗಳು ಒಂದೇ ಹೆಜ್ಜೆಗೆ ಒಂದಿತ್ತು. ಮಂಡಿ ವಾಸಿ ಆಗ್ತಿದೆ. ಇದು ಸೈಕಲ್ ಕಲೀತಿರೋ ನರ್ಸಮ್ಮ, ಪಕ್ಕದಲ್ಲಿ ಓಡಿರೋದು ಅವರ ಯಜಮಾನ್ರು. ನೋಡಿ, ಇಲ್ಲಿ ಬಿದ್ದಿದಾರೆ. ಇಬ್ರೂ!’

ದಿನಾ ಬೆಳಗ್ಗೆ ಅಳಿಸುವ ಮುಂಚೆ ಅವಳು ಓದುತ್ತಿದ್ದಳು ಎಂಬುದು ಬೀದಿಗೂ ಗೊತ್ತಾದದ್ದು ಅವತ್ತೇ. ಸಾಹೇಬರು ಒಂದೂವರೆ ಗಂಟೆ ಅವಳ ಹಿಂದೆ ಹಿಂದೆ ನಡೆದರು. ಹೊರಡುವಾಗ ತಮ್ಮ ಬೂಟಿನ ಗುರುತನ್ನು ತಾವೇ ತಿರುಗಿ ನೋಡಿದರು. ಮೈದಾನವನ್ನು ಮಾರಾಟದ ಪಟ್ಟಿಯಿಂದ ‘ಸದ್ಯಕ್ಕೆ’ ಕೈಬಿಡಲಾಗಿದೆ. ಆ ‘ಸದ್ಯ’ಕ್ಕೇ ಬಡಾವಣೆ ‘ಸದ್ಯ!’ ಎಂದು ಉಸಿರು ಬಿಟ್ಟಿದೆ.

ಟೈಲರ್ ಪೊರಕೆಯ ಹಿಡಿಗೆ ಹತ್ತಿ ತುಂಬಿದ ಮೆತ್ತನೆ ಗವಸು ಹೊಲಿದುಕೊಟ್ಟಿದ್ದಾನೆ. ಅಜ್ಜಿ ಹೋಗುವಾಗ ಬರುವಾಗ ಅವಳ ಕೆನ್ನೆ ಸವರುತ್ತಾರೆ. ಅಕ್ಕನಿಗೆ ನಾಚಿಕೆ. ‘ನನಗ್ಯಾಕೆ ಥ್ಯಾಂಕ್ಸು? ಇವರು ಕಾಲಿಟ್ಟಿದ್ದಕ್ಕೇ ಅಲ್ವಾ ನನ್ನ ಕೈಗೆ ಕೆಲಸ.’ ಈಗಲೂ ದಿನಾ ಗುಡಿಸುತ್ತಾಳೆ. ಗೇಟಿನ ಬಳಿಯ ಒಂದು ಮಾರು ನೆಲವನ್ನು ಮಾತ್ರ ಹಾಗೇ ಬಿಡುತ್ತಾಳೆ. ಯಾರು ಯಾವಾಗ ಬಂದು ಏನು ಬರೆದುಕೊಳ್ಳುತ್ತಾರೋ!

ಇನ್ನೆರಡು ವರ್ಷಕ್ಕೆ ನಿವೃತ್ತಿ. ಆಮೇಲೇನು ಎಂದರೆ ನಗುತ್ತಾಳೆ. ಇಷ್ಟು ವರ್ಷ ಹಿಂದಕ್ಕೇ ನಡೆದವಳ ಒಂದು ಹೆಜ್ಜೆಯೂ ಈ ಮಣ್ಣಿನಲ್ಲಿ ಉಳಿದಿಲ್ಲ.

‘ದಿನಾ ಸಂಜೆ ಬಂದು ಎಲ್ಲರ ಥರ ಮುಂದಕ್ಕೆ ನಾಲ್ಕು ಸುತ್ತು ನಡೀಬೇಕು. ಹೊಸದಾಗಿ ಬರೋ ಹುಡುಗಿಗೆ ಹೇಳಿರ್ತೀನಿ, ಎಡಗಾಲು ಎಳೆದಿರೋದು ನಂದು ಅಂತ. ಬೆಳಗ್ಗೆ ಅಳಿಸೋಕೆ ಮುಂಚೆ ಒಂದ್ಸಲ ನೋಡಿದ್ರೆ ಸಾಕು.’