ಗಾಳಿವೀರನ ದೊಡ್ಡವ್ವ ಸತ್ತ ಸಂಚಿಕೆ

ದೊಡ್ಡವ್ವನನ್ನು ನಾನು ಏಳನೇ ಸಂಚಿಕೆಯ ಹದಿನಾಲ್ಕನೇ ಪುಟದಲ್ಲಿ ಸಾಯಿಸಿದೆ. ಬೇಕಂತಲೇ, ಹಾಡಹಗಲಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು, ನಡುವೆ ಎರಡು ಸಲ ಚಹಾ ಕುಡಿದು ಸಾಯಿಸಿದೆ. ಪಶ್ಚಾತ್ತಾಪವೇನೂ ಆಗಲಿಲ್ಲ. ಕೈಬೆರಳುಗಳು ಚೆನ್ನಾಗಿ ಬಂದಿವೆ ಎಂದು ಸಂತೋಷವೇ ಆಯಿತು.

ನಾನು ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಗೆಳೆಯನೊಬ್ಬ ಪ್ರೆಸ್ ಇಟ್ಟಿದ್ದಾನೆ. ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸು ಅವನ ಕಸುಬು. ಮದುವೆಗಳಿಲ್ಲದ ತಿಂಗಳಲ್ಲಿ ಯಂತ್ರ ಸುಮ್ಮನೆ ನಿಲ್ಲಬಾರದೆಂದು ಇಬ್ಬರೂ ಸೇರಿ ಒಂದು ಕಾಮಿಕ್ಸ್ ಶುರು ಮಾಡಿದೆವು. ಅದರ ನಾಯಕ ಗಾಳಿವೀರ. ಹರಪನಹಳ್ಳಿ ಕಡೆಯ ಗುಡ್ಡದ ಮೇಲೆ ಗಾಳಿಯಂತ್ರ ರಿಪೇರಿ ಮಾಡುತ್ತಿದ್ದವನಿಗೆ ಸಿಡಿಲು ಬಡಿದು, ಮೈಯೊಳಗೆ ಗಾಳಿ ಸೇರಿಕೊಂಡು, ಹಾರತೊಡಗಿದ. ಹೊರದೇಶದ ವೀರರ ಬೆನ್ನಿಗೆ ಮಿರಮಿರ ಮಿಂಚುವ ಬಟ್ಟೆ ಇರುತ್ತದೆ, ನಮ್ಮವನಿಗೆ ಕರಿ ಕಂಬಳಿ. ನಮ್ಮ ಸೀಮೆಯ ಬಿಸಿಲಿನಲ್ಲಿ ಕಂಬಳಿ ಹೊದ್ದು ಓಡಾಡುವವನಿಗೆ ಬೇರೆ ಶಕ್ತಿ ಯಾಕೆ ಬೇಕು ಎಂದು ಓದುಗನೊಬ್ಬ ಕೇಳಿದ್ದ. ಆ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಹಾಗೇ ಛಾಪಿಸಿದೆವು.

ಆ ಕಂಬಳಿ ಕೊಟ್ಟವಳು ಅವನ ದೊಡ್ಡವ್ವ. ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ವೀರ ಸೋತು ಬಂದರೆ ರೊಟ್ಟಿ ಹಾಕುವುದು, ಗೆದ್ದು ಬಂದರೆ ಬೈಯುವುದು ಅವಳ ಕೆಲಸ. ಈ ದೊಡ್ಡವ್ವನನ್ನು ನಾನೇ ಕಲ್ಪಿಸಿದೆ ಎಂದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಹಿರೇಹಡಗಲಿಯಲ್ಲಿ ಗಿರಣಿ ನಡೆಸುವ ನನ್ನ ಸ್ವಂತ ದೊಡ್ಡವ್ವನನ್ನು, ಅಂದರೆ ನಮ್ಮವ್ವನ ಅಕ್ಕನನ್ನು, ಕಣ್ಣರೆಪ್ಪೆಯ ಮೇಲಿನ ಹಿಟ್ಟಿನ ಸಮೇತ ಎತ್ತಿ ಕಾಗದದ ಮೇಲೆ ಕೂರಿಸಿದ್ದೆ. ಬೀಳುವ ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ಸಣ್ಣಗಾಗಿದೆಯೋ ಇಲ್ಲವೋ ಹೇಳುವುದೂ ಅವಳದೇ. ಕಾಳು ಮುಗಿಯುವ ತನಕ ಏನೇ ಆದರೂ ಗಿರಣಿ ನಿಲ್ಲಿಸದಿರುವುದೂ ಅವಳದೇ. "ನಡುವ ನಿಂದ್ರಿಸಬಾರದು, ಕಾಳು ಕಲ್ಲಾಗ ಸಿಕ್ಕೊಂತಾವ" ಎನ್ನುತ್ತಿದ್ದಳು. ನಮ್ಮವ್ವ ಹೋದ ಮೇಲೆ ಈ ಲೋಕದಲ್ಲಿ ನನ್ನನ್ನು 'ಲೇ' ಎಂದು ಕರೆಯುವ ಹೆಂಗಸು ಅವಳೊಬ್ಬಳೇ ಉಳಿದಿದ್ದಾಳೆ. ಅವಳಿಗೆ ಓದು ಬರುವುದಿಲ್ಲ. ಸೊಸೆ ಓದಿ ಹೇಳುತ್ತಿದ್ದಳು, ಅವಳು ಚಿತ್ರ ನೋಡಿ ತಪ್ಪು ಹಿಡಿಯುತ್ತಿದ್ದಳು.

ಆರನೇ ಸಂಚಿಕೆಯ ಹೊತ್ತಿಗೆ ಗಾಳಿವೀರನ ಗಾಳಿ ಇಳಿಯಿತು. ಗೆಳೆಯ ಪ್ರೆಸ್ಸಿನ ಮೂಲೆಯಲ್ಲಿ ಮಾರಾಟವಾಗದೆ ಬಿದ್ದಿದ್ದ ಪ್ರತಿಗಳನ್ನು ತೋರಿಸಿದ.

"ಲೇ ಮೇಷ್ಟ್ರ, ನೋಡು, ಕಟ್ಟು ಸೈತ ಬಿಚ್ಚಿಲ್ಲ. ಯಾರನ್ನರ ಸಾಯಿಸು."

"ವೀರನ್ನ?"

"ಹುಚ್ಚಾ ಏನ್ಲೇ? ಅವ ಸತ್ರ ಮುಂದಿನ ತಿಂಗಳು ಏನು ಛಾಪಿಸಾದು? ದೊಡ್ಡವ್ವನ್ನ ಸಾಯಿಸು. ಮಂದಿಗೆ ಆಕಿ ಮ್ಯಾಲೆ ಜೀವ ಐತಿ."

ಶಾಸ್ತ್ರದ ಪ್ರಕಾರ ಅವನ ಮಾತು ಸರಿಯಾಗಿತ್ತು. ನಾನು ಚಿಕ್ಕಂದಿನಲ್ಲಿ ರದ್ದಿ ಅಂಗಡಿಯಲ್ಲಿ ಆರಿಸಿ ತಂದು ಓದಿದ ಹಳೇ ಪುಸ್ತಕಗಳಲ್ಲೆಲ್ಲ ಇದೇ ಕಟ್ಟಳೆ. ವೀರ ಸಾಯುವುದಿಲ್ಲ. ಅಪ್ಪಿತಪ್ಪಿ ಸತ್ತರೂ ಮೂರು ತಿಂಗಳಿಗೆ ಧೂಳು ಕೊಡವಿಕೊಂಡು ಎದ್ದು ಬರುತ್ತಾನೆ. ಸಾಯುವವರು ಅವನನ್ನು ಸಾಕಿದವರು, ಗುಟ್ಟು ಕಾಪಾಡಿದವರು, ಹೊತ್ತಿಗೆ ಸರಿಯಾಗಿ ಉಣ್ಣಲಿಕ್ಕಿದವರು. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಈ ವೀರರು ಜಂತೆ ಎಣಿಸುವುದಿಲ್ಲ, ಮನೆ ಬೀಳುವವರೆಗೆ ಕಾದು, ಆ ಸಿಟ್ಟಿನಲ್ಲಿ ಇನ್ನಷ್ಟು ಎತ್ತರ ಹಾರುತ್ತಾರೆ. ಓದುತ್ತಿದ್ದ ನಾವೂ ಒಂದು ನಿಮಿಷ ಲೊಚಗುಟ್ಟಿ, ಸೇಡಿನ ಪುಟ ತೆಗೆಯುತ್ತಿದ್ದೆವು.

ಹೇಗೆ ಸಾಯಿಸುವುದು ಎನ್ನುವುದನ್ನು ತೀರ್ಮಾನಿಸಿದ್ದು ಪ್ರೆಸ್ಸು. ಒಳಪುಟಗಳಿಗೆ ನಮ್ಮ ಬಳಿ ಇದ್ದುದು ಕಪ್ಪು ಮತ್ತು ನೀಲಿ ಎರಡೇ ಬಣ್ಣ. ಕೆಂಪಿಲ್ಲದೆ ರಕ್ತವಿಲ್ಲ, ನೀಲಿ ರಕ್ತ ಬರೆದರೆ ಇಂಕು ಚೆಲ್ಲಿದಂತೆ ಕಾಣುತ್ತದೆ. ಹೀಗಾಗಿ ದುಷ್ಟ ಬಂದು ಗಿರಣಿಯ ಬಾಗಿಲು ಒದೆಯುತ್ತಾನೆ, ದೊಡ್ಡವ್ವ ಎದೆ ಹಿಡಿದುಕೊಂಡು ಕುಸಿಯುತ್ತಾಳೆ.

ಸಂಚಿಕೆ ಹೊರಬರುವ ಮೊದಲೇ ಗೆಳೆಯ ನನಗೂ ಹೇಳದೆ ಒಂದು ಬುದ್ಧಿವಂತಿಕೆ ಮಾಡಿದ. ನಾನು ಮುಖಪುಟಕ್ಕೆಂದು ಬರೆದಿದ್ದ ದೊಡ್ಡವ್ವನ ಚಿತ್ರವನ್ನು ದೊಡ್ಡದು ಮಾಡಿ, ಸುತ್ತ ಹೂಮಾಲೆ ಹಾಕಿ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆಸಿ ಕಾನಹೊಸಹಳ್ಳಿಯ ಬಸ್ಸು ನಿಲ್ಲುವ ಜಾಗದಲ್ಲಿ ಫ್ಲೆಕ್ಸ್ ಕಟ್ಟಿಸಿದ. 'ಈ ಸಾವಿಗೆ ಸೇಡು ಯಾರು ತೀರಿಸುತ್ತಾರೆ? ಓದಿರಿ ಗಾಳಿವೀರ' ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನಮ್ಮ ಕಡೆ ಶ್ರದ್ಧಾಂಜಲಿ ಫ್ಲೆಕ್ಸಿನ ಕೆಳಗಿನ ಅಕ್ಷರ ಯಾರೂ ಓದುವುದಿಲ್ಲ. ಅಲ್ಲಿ ದುಃಖತಪ್ತರ ಹೆಸರುಗಳಿರುತ್ತವೆ, ಅದನ್ನು ದುಃಖತಪ್ತರೇ ಓದಿಕೊಳ್ಳುತ್ತಾರೆ.

ಕೂಡ್ಲಿಗಿಯಲ್ಲಿರುವ ನನ್ನ ಸೋದರಮಾವ, ಅಂದರೆ ದೊಡ್ಡವ್ವನ ಬೆನ್ನಿಗೆ ಬಿದ್ದ ತಮ್ಮ, ಅವತ್ತು ಕುರಿ ನೋಡಲು ಕಾನಹೊಸಹಳ್ಳಿಗೆ ಹೋಗಿದ್ದ. ಬಸ್ಸಿಳಿದು ತಲೆಯೆತ್ತಿದರೆ ಅಕ್ಕ ಮಾಲೆಯೊಳಗೆ ನಗುತ್ತಿದ್ದಾಳೆ. ಇಷ್ಟು ವರ್ಷದ ನನ್ನ ಕುಂಚದ ಬದುಕಿನಲ್ಲಿ ನಾನು ಬರೆದ ಮುಖವನ್ನು ಒಬ್ಬರು ಒಂದೇ ನೋಟಕ್ಕೆ ಗುರುತು ಹಿಡಿದದ್ದು ಅದೇ ಮೊದಲು.

ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಸಾವಿನ ಮನೆಗೆ ಫೋನ್ ಮಾಡಿ 'ಹೌದೇನು?' ಎಂದು ಕೇಳುವುದು ಯಾವ ಮರ್ಯಾದೆ? ಮಾವ ಆ ಮನೆಯೊಂದನ್ನು ಬಿಟ್ಟು ಉಳಿದ ಬಳಗಕ್ಕೆಲ್ಲ ಫೋನ್ ಮಾಡಿದ. ನಿಮಗಾದರೂ ತಿಳಿಸಿದರಾ, ನಮಗ್ಯಾಕೆ ತಿಳಿಸಲಿಲ್ಲ ಎಂದು ಎಲ್ಲರಿಗೂ ದುಃಖದ ಜೊತೆ ಸಿಟ್ಟೂ ಬಂತು. ಮಾವ ನನಗೂ ಮಾಡಿದ್ದ. ನಾನು ಎಂಟನೇ ತರಗತಿಗೆ ಬಾಳೆಗೊನೆ ಬರೆಸುತ್ತಿದ್ದೆ, ಫೋನು ಬೀರುವಿನಲ್ಲಿತ್ತು.

ಮಾವ ಬಸ್ಸು ಬದಲಿಸುತ್ತ, ದಾರಿಯಲ್ಲಿ ಹೂಮಾಲೆ ಕೊಂಡು, ಮಧ್ಯಾಹ್ನ ಹಿರೇಹಡಗಲಿ ಮುಟ್ಟಿದ. ಗಿರಣಿ ಓಡುತ್ತಿತ್ತು. ಬಾಗಿಲಲ್ಲಿ ತಮ್ಮ ಮಾಲೆ ಹಿಡಿದು ಅಳುತ್ತ ನಿಂತದ್ದನ್ನು ನೋಡಿದ್ದೇ ತಡ, ದೊಡ್ಡವ್ವ ಎದೆ ಬಡಿದುಕೊಂಡು ತಾನೂ ಅಳತೊಡಗಿದಳಂತೆ. ಅಳುತ್ತಲೇ ಯಾರದೋ ಜೋಳ ಪೂರ್ತಿ ಬೀಸಿ ಮುಗಿಸಿ, ಗಿರಣಿ ನಿಲ್ಲಿಸಿ, ಆಮೇಲೆ ಕೇಳಿದಳಂತೆ:

"ಯಾರು ಹೋದ್ರೋ ತಮ್ಮಾ?"

"ನೀನಽ ಹೋಗೀಯಲ್ಲಬೇ ಅಕ್ಕಾ!"

ಸಂಜೆಯ ಹೊತ್ತಿಗೆ ಟೆಂಪೊ ಮಾಡಿಕೊಂಡು ಬಳಗವೆಲ್ಲ ಬಂತು. ಬಂದವರೆಲ್ಲ ಮೊದಲು ಅತ್ತು, ಆಮೇಲೆ ಬೈದು, ಕೊನೆಗೆ ಸತ್ತವಳ ಕೈಯಿಂದಲೇ ಚಹಾ ಇಸಿದುಕೊಂಡು ಕುಡಿದರು. ಎಲ್ಲರೂ ಕೇಳಿದ ಪ್ರಶ್ನೆ ಒಂದೇ: "ಕಾಗಿ ಬಡದಿತ್ತೇನು?"

ಅದು ನಮ್ಮಲ್ಲಿ ಹಳೇ ಪದ್ಧತಿ. ತಲೆಗೆ ಕಾಗೆ ಬಡಿದರೆ ಸಾವಿನ ಸೂಚನೆ ಎನ್ನುತ್ತಾರೆ. ಅದಕ್ಕೆ ಪರಿಹಾರವೆಂದರೆ, ಆ ಮನುಷ್ಯ ಸತ್ತನೆಂದು ಹತ್ತಿರದವರಿಗೆ ಸುಳ್ಳು ಸುದ್ದಿ ಮುಟ್ಟಿಸುವುದು. ಅವರು ನಿಜವೆಂದು ನಂಬಿ ಅತ್ತುಬಿಟ್ಟರೆ ಸಾವು ತನ್ನ ಕೆಲಸ ಆಯಿತೆಂದುಕೊಂಡು ಹಿಂದಿರುಗುತ್ತದೆ. ನನಗೆ ಹತ್ತು ವರ್ಷವಿದ್ದಾಗ ದೊಡ್ಡವ್ವನಿಗೆ ಹೀಗೇ ಕಾಗೆ ಬಡಿದಿತ್ತು. ಹಿರೇಹಡಗಲಿಯಿಂದ ಒಬ್ಬ ಬಂದು, ನಮ್ಮ ಹೊಸ್ತಿಲಾಚೆ ನಿಂತು, "ನಿಮ್ಮಕ್ಕ ಹೋದ್ಲು" ಎಂದ. ಅವ್ವ ಅಲ್ಲೇ ಕುಸಿದಳು. ನಾನು ಕಾಳಿನ ಚೀಲಗಳ ಹಿಂದೆ ಸೇರಿಕೊಂಡು ವಾಂತಿಯಾಗುವಷ್ಟು ಅತ್ತೆ. ಬಸ್ ಸ್ಟ್ಯಾಂಡಿಗೆ ಹೋದ ಮೇಲೆ ಆ ಪುಣ್ಯಾತ್ಮ, "ಅಳಾದು ಆತಲ್ರಿ? ಇನ್ನ ಮನಿಗೆ ನಡೀರಿ, ಕಾಗಿ ಬಡದಿತ್ತು ಅಷ್ಟ" ಎಂದ. ಅವ್ವ ಅಳುತ್ತಲೇ ನಕ್ಕು ಅವನಿಗೆ ಮಂಡಕ್ಕಿ ಕೊಡಿಸಿದಳು. ನಾನು ಮಾತ್ರ ರಜೆಗೆ ಹೋದಾಗ ದೊಡ್ಡವ್ವನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ. ಅವಳು ನನ್ನ ಗಲ್ಲ ಹಿಡಿದು, "ನೀ ಅಷ್ಟು ಅತ್ತದ್ದಕ್ಕ ನೋಡು ನನ್ನ ಆಯುಷ್ಯ ಗಟ್ಟಿ ಆತು" ಎಂದಳು. ಆ ಮಾತಿನಿಂದ ನನಗೆ ಬಹಳ ಹೆಮ್ಮೆಯಾಗಿತ್ತು. ನನ್ನ ಜೀವನದಲ್ಲಿ ನಾನು ಒಂದು ಜೀವ ಉಳಿಸಿದ್ದು ಅದೊಂದೇ ಸಲ, ಅದೂ ಕಂಬಳಿ ಇಲ್ಲದೆ.

ಇದೆಲ್ಲ ಕಿವಿಗೆ ಬಿದ್ದ ಮೇಲೆ ಭಾನುವಾರ ಬೆಳಿಗ್ಗೆ ಬೈಸಿಕೊಳ್ಳಲು ತಯಾರಾಗಿ ಹಿರೇಹಡಗಲಿಗೆ ಹೋದೆ. ದೊಡ್ಡವ್ವ ಬೈಯಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು. ಅಷ್ಟರಲ್ಲಿ ಹೊರಬಿದ್ದಿದ್ದ ಏಳನೇ ಸಂಚಿಕೆ ಅವಳ ತೊಡೆಯ ಮೇಲಿತ್ತು.

"ಚಂದ ಬರದೀಯ. ಮೂಗುಬೊಟ್ಟು ಎಡಕ್ಕ ಹಾಕೀಯ, ನಂದು ಬಲಕ್ಕ ಐತಿ" ಎಂದಳು. ಆಮೇಲೆ ಹದಿನಾಲ್ಕನೇ ಪುಟದ ಮೇಲೆ ಬೆರಳಿಟ್ಟಳು. "ಲೇ, ಖರೇ ಹೇಳು. ಎದಿ ಹಿಡಕಂಡು ಸಾಯ್ತೀನಿ ಅಂತ ನಿನಗ ಯಾರು ಹೇಳಿದ್ರು?"

ಕೆಂಪು ಇಂಕಿನ ವಿಷಯ ಹೇಳಿದೆ. ಅವಳು ಸೊಸೆಯ ಕಡೆ ನೋಡಿದಳು. ಸೊಸೆ ತಲೆ ತಗ್ಗಿಸಿದಳು. ಆಗ ಗೊತ್ತಾಯಿತು. ಅವಳ ಎದೆಯ ನಾಳ ಕಟ್ಟಿದೆ ಎಂದು ದಾವಣಗೆರೆಯ ಡಾಕ್ಟರು ಹೇಳಿ ತಿಂಗಳಾಗಿತ್ತು. ಬರುವ ಗುರುವಾರ ಒಳಗೆ ಸ್ಪ್ರಿಂಗ್ ಹಾಕುವವರಿದ್ದರು. ಬಳಗ ಗಾಬರಿಯಾಗುತ್ತದೆಂದು ಅತ್ತೆ ಸೊಸೆ ಇಬ್ಬರೇ ಗುಟ್ಟು ಇಟ್ಟುಕೊಂಡಿದ್ದರು. ನಾನು ಅದನ್ನು ಚಿತ್ರ ಸಮೇತ ಮೂರು ತಾಲ್ಲೂಕಿಗೆ ಹಂಚಿದ್ದೆ.

"ಕಾಗಿ ಕುಂದ್ರಾಕೂ ಟೊಂಗಿ ಮುರಿಯಾಕೂ ಸರಿ ಆಗೈತಿ ಅಷ್ಟ, ದೊಡ್ಡವ್ವ" ಎಂದೆ.

"ಹೂಂ ಅನ್ನು. ಎಲ್ಲಾರೂ ಬಂದು ಅತ್ರು, ಒಳ್ಳೇದಽ ಆತು. ಆದ್ರ ಸುದ್ದಿ ಹುಟ್ಟಿಸಿದಾಂವ ನೀನು. ನನ್ನ ಸಾಯಿಸೋ ಮುಂದ ನೀ ಅತ್ತಿದ್ದೇನು?"

"ಅತ್ತಿದ್ದೆ" ಎಂದೆ.

ಅವಳು ಹಿಟ್ಟು ತಿಕ್ಕುವ ಹಾಗೆ ಎರಡು ಬೆರಳು ಸುಮ್ಮನೆ ತಿಕ್ಕುತ್ತ ನನ್ನ ಮುಖ ನೋಡಿದಳು. "ಇಲ್ಲ ಬಿಡು" ಎಂದಳು. ಚಹಾ ಎರಡು ಸಲ ಕುಡಿದದ್ದು ನನಗೆ ಆಗ ನೆನಪಾಯಿತು.

"ಮುಂದಿನ ಸಂಚಿಕ್ಯಾಗ ನಿನ್ನ ಎಬ್ಬಿಸ್ತೀನಿ. ನಮ್ಮ ಕಸುಬಿನಾಗ ಅದು ದೊಡ್ಡ ಮಾತಲ್ಲ."

"ಬ್ಯಾಡ. ಸತ್ತಾಕಿ ಎದ್ದು ಬಂದ್ರ ಓದಿ ಅತ್ತ ಮಂದಿ ಹುಚ್ಚರಾಗ್ತಾರ. ನೀ ಒಂದ್ ಸಲ ಅತ್ತುಬಿಡು, ಸಾಕು. ನಿನ್ನ ಅಳು ನನಗ ಕೈ ಹತ್ತೈತಿ, ಹಿಂದಕ್ಕೊಮ್ಮೆ ಉಳಿಸೈತಿ." ಅವಳು ನಗುತ್ತ ಹೇಳಿದರೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ದೊಡ್ಡವ್ವ ಹೆದರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಪ್ರಯತ್ನಪಟ್ಟೆ. ನಲವತ್ತೈದು ದಾಟಿದ ಗಂಡಸು, ಹಗಲಿನಲ್ಲಿ, ಹೇಳಿಸಿಕೊಂಡು ಅಳುವುದು ಸುಲಭವಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿದೆ. ತೀರಿಹೋದ ಅವ್ವನನ್ನು ನೆನೆದೆ. ಏನೂ ಬರಲಿಲ್ಲ. ಅಷ್ಟರಲ್ಲಿ ಸೊಸೆ ಗಿರಣಿ ಹಚ್ಚಿದಳು. ಸ್ವಲ್ಪ ಹೊತ್ತಿಗೆ ನನ್ನ ಕಣ್ಣಿನಲ್ಲಿ ನೀರಾಡಿತು. ಆಸೆಯಿಂದ ಅವಳ ಕಡೆ ತಿರುಗಿದೆ.

"ಅದು ಹಿಟ್ಟು" ಎಂದಳು ದೊಡ್ಡವ್ವ.

ಬುಧವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಂಟನೇ ಸಂಚಿಕೆ ಶುರು ಮಾಡಿದೆ. ಮರುದಿನ ಬೆಳಿಗ್ಗೆ ಅವಳು ದಾವಣಗೆರೆಗೆ ಹೋಗಬೇಕಿತ್ತು. ಮೊದಲ ಚೌಕದಲ್ಲಿ ಖಾಲಿ ಗಿರಣಿ, ಎರಡನೆಯದರಲ್ಲಿ ವೀರನ ಸಿಟ್ಟು ಎಂದು ಮೊದಲೇ ಗೊತ್ತು ಮಾಡಿಕೊಂಡಿದ್ದೆ. ಗಿರಣಿ ಬರೆದೆ. ಅವಳು ಕೂರುವ ಮಣೆ ಬರೆದೆ. ಗೋಡೆಯ ಮೊಳೆಗೆ ಅವಳು ಮುಖ ಒರೆಸಿಕೊಳ್ಳುವ ವಲ್ಲಿ ನೇತು ಹಾಕಿದೆ. ವಲ್ಲಿಯ ಮೇಲೆ ಹಿಟ್ಟಿನ ಗುರುತು ಎಲ್ಲಿ ಬರುತ್ತದೆ ಎಂದು ಯೋಚಿಸಿದೆ. ಹಣೆ, ಕೆನ್ನೆ, ರೆಪ್ಪೆ. ಅವಳ ಮುಖದ ಗುರುತು ವಲ್ಲಿಯ ಮೇಲಿದೆ, ಮಣೆಯ ಮೇಲೆ ಅವಳಿಲ್ಲ, ಮತ್ತು ಹಾಗೆ ಮಾಡಿದವನು ನಾನು. ಎರಡನೇ ಚೌಕಕ್ಕೆ ಹೋಗಲಾಗಲಿಲ್ಲ. ನೀಲಿ ಇಂಕು ಕಾಗದದ ಮೇಲೆ ಹರಡಿತು.

ಎದುರಿಗೆ ಪೇಪರ್ ತಿದ್ದುತ್ತಿದ್ದ ವಿಜ್ಞಾನದ ಮೇಷ್ಟ್ರು ಗಾಬರಿಯಾದರು. "ಯಾಕ್ರಿ? ಯಾರರ ತೀರಿಕೊಂಡ್ರೇನ್ರಿ?" ಪೆನ್ನು ಕೆಳಗಿಟ್ಟು ಹೊರಗೆ ಬಂದು ಹಿರೇಹಡಗಲಿಗೆ ಫೋನ್ ಮಾಡಿದೆ. ಗಿರಣಿಯ ಸದ್ದು ಕಿವಿಗೆ ಬಡಿಯಿತು.

"ದೊಡ್ಡವ್ವ, ಬಂತು."

"ಏನು ಬಂತು? ಬಸ್ಸಾ?"

"ಅಳು."

"ಹಿಟ್ಟು ಏನರ ಹೋತೇನು ಕಣ್ಣಾಗ?"

"ಇಲ್ಲಬೇ. ನಾನು ಕೊಟ್ಟೂರಾಗ ಅದೀನಿ."

ಆ ಕಡೆ ಗಿರಣಿಯ ಸ್ವಿಚ್ಚು ಟಪ್ಪೆಂದಿತು. ಆಮೇಲೆ ಬೆಲ್ಟಿನ ಸದ್ದು ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. "ಅತ್ತೀ, ಇನ್ನೂ ಅರ್ಧ ಜ್ವಾಳ ಅದಾವ" ಎಂದು ಸೊಸೆ ಕೂಗಿದ್ದು ಕೇಳಿಸಿತು.

"ಇರಲಿ ಬಿಡು" ಎಂದಳು ದೊಡ್ಡವ್ವ. ಆಮೇಲೆ ನನಗೆ ಹೇಳಿದಳು: "ಹೂಂ, ಈಗ ಅಳು. ಕೇಳಸ್ತೈತಿ."