ಅಳಿಸಿದ ಮೇಲಿನ ಸಾಲುಗಳು

ಮೊನ್ನೆ ಮೊಬೈಲಿಗೆ ಬಂದ ರಕ್ತಪರೀಕ್ಷೆಯ ವರದಿಯ ಪ್ರಿಂಟ್ ತೆಗೆಸಲು ದೇಶಪಾಂಡೆ ನಗರದ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಯಾರದೋ ಬಿಸಿ ಹಾಳೆಗಳು ಪ್ರಿಂಟರಿನಿಂದ ಬರುತ್ತಿದ್ದವು. ಆ ವಾಸನೆಗೆ ಸರ್ ನೆನಪಾದರು...

ಧಾರವಾಡದಲ್ಲಿ ವಿಶ್ವವಿದ್ಯಾಲಯದ ಹತ್ತಿರ ನನ್ನ ಟೈಪಿಂಗ್ ಅಂಗಡಿಯಿತ್ತು. ಸರ್ ಅಲ್ಲಿ ಪಾಠ ಮಾಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಅವರ ಪಿಎಚ್.ಡಿ. ಪ್ರಬಂಧವನ್ನು ನಾನೇ ಟೈಪ್ ಮಾಡಿದ್ದೆ. ಒಂದೆರಡು ಪುಟ ಹಿಂದುಮುಂದಾಗಿದ್ದಕ್ಕೆ ವಿದ್ಯಾರ್ಥಿಗಳೆದುರೇ ಅಂದರು: “ಎಸ್ಸೆಸ್ಸೆಲ್ಸಿ ಓದಿದವನ ಕೈಯಾಗ ಕೊಟ್ಟಿದ್ದು ನಂದ ತಪ್ಪು. ಇವಂಗ ಬೆರಳಷ್ಟ ಅದಾವ, ತಲಿ ಇಲ್ಲ.” ಎಲ್ಲರೂ ನಕ್ಕರು. ಆ ನಗುವನ್ನು ಹಾಲೆರೆದು ಹಾವು ಸಾಕಿದಂತೆ ಸಾಕಿದೆ.

ಮುಂದೆ ಕಂಪ್ಯೂಟರ್ ಬಂತು. ವಿದ್ಯಾರ್ಥಿಗಳು ಅಸೈನ್‌ಮೆಂಟನ್ನು ನನ್ನ ಅಂಗಡಿಯಿಂದಲೇ ಸರ್‌ಗೆ ಈಮೇಲ್ ಮಾಡಿಸುತ್ತಿದ್ದರು. ಅವರ ಅಭಿಪ್ರಾಯವೂ ನನ್ನ ವಿಳಾಸಕ್ಕೇ ಬರುತ್ತಿತ್ತು. ಮೇಲೆ ಮೆಚ್ಚುಗೆ, ಕೆಳಗೆ ತಪ್ಪುಗಳು. ಅದು ಅವರ ಪದ್ಧತಿ. ನಾನು ಮೆಚ್ಚುಗೆ ಅಳಿಸಿ, ತಪ್ಪುಗಳನ್ನಷ್ಟೇ ಪ್ರಿಂಟ್ ಹಾಕಿ ಕೊಡತೊಡಗಿದೆ.

ಎಂಥ ಸುಖ ಅದು! ಒಬ್ಬ ಹಾಳೆ ಹರಿದೊಗೆದ. ಇನ್ನೊಬ್ಬ, “ಈ ಮಾಸ್ತರಗ ಒಂದು ಛಲೋ ಮಾತು ಆಡಾಕ ಬರೂದಿಲ್ಲೇನ್ರಿ ಕಾಕಾ?” ಅಂದ.

“ಬೆರಳಷ್ಟ ಅದಾವಪಾ ಅವರಿಗೆ,” ಅಂದೆ. ಅವನಿಗೆ ಚಹಾ ತರಿಸಿದೆ. ರಸ್ತೆಯಲ್ಲಿ ಸರ್ ಬಂದರೆ ಹುಡುಗರು ಮುಖ ತಿರುಗಿಸುವುದನ್ನು ಬಾಗಿಲಲ್ಲಿ ನಿಂತು ಕಣ್ತುಂಬ ನೋಡುತ್ತಿದ್ದೆ.

ಅಮ್ಮಿನಬಾವಿಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳಿದ್ದಳು. ಮನೆಯಲ್ಲಿ ಮದುವೆಯ ಮಾತೆತ್ತಿದ್ದರು. ಸರ್ ಚೆನ್ನಾಗಿದೆ ಅಂದರೆ ಮಾತ್ರ ಓದು ಎಂದು ಅಪ್ಪ ಹೇಳಿದ್ದನಂತೆ. ಸರ್ ಬರೆದಿದ್ದರು: ಈ ತರಗತಿಯಲ್ಲಿ ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ, ಓದು ಬಿಡಬೇಡ, ತಂದೆಯವರನ್ನು ಕರೆದುಕೊಂಡು ಬಾ, ನಾನು ಮಾತಾಡುತ್ತೇನೆ.

ಅದನ್ನೂ ಅಳಿಸಿದೆ. ತಪ್ಪುಗಳ ಹಾಳೆಯನ್ನಷ್ಟೇ ಅವಳ ಕೈಗಿಟ್ಟೆ.

ಅವಳು ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದಳು. “ಇಷ್ಟನ ಏನ್ರಿ ಕಾಕಾ? ಮತ್ತೇನೂ ಬರದಿಲ್ಲೇನ್ರಿ?”

“ಇಷ್ಟ ಯವ್ವಾ.”

ಮತ್ತೆ ಅವಳು ಬರಲಿಲ್ಲ. ಕೆಲವು ದಿನಗಳಾದ ಮೇಲೆ ಸರ್ ಬಂದರು. “ಆ ಹುಡುಗಿದು ಲಗ್ನ ಆತಂತ. ನಾ ಬರದದ್ದು ಅಕಿಗೆ ಮುಟ್ಟಿತ್ತೇನ್ರಿ?”

“ಮುಟ್ಟಿತ್ರಿ ಸರ್.”

“ಹಂಗಾರ ನನ್ನ ಮಾತಿನಾಗ ಏನೋ ಕಮ್ಮಿ ಬಿತ್ತು,” ಎಂದು ತಲೆ ತಗ್ಗಿಸಿ ಹೋದರು. ಆ ತಗ್ಗಿದ ತಲೆಗಾಗಿಯೇ ನಾನು ಕಾದಿದ್ದೆ. ಖರೇ ಹೇಳುತ್ತೇನೆ, ಆಗಲೂ ಒಳಗೊಂದು ಹಿಗ್ಗು ಎದ್ದಿತ್ತು. ಅವಳ ನೆನಪು ಬಂದದ್ದು ಆಮೇಲೆ...

ಸರ್ ಈಗಿಲ್ಲ. ಅವಳಿಗೆ ಹೇಳೋಣವೆಂದರೆ ಎಲ್ಲಿದ್ದಾಳೋ ಗೊತ್ತಿಲ್ಲ.

“ಅಜ್ಜಾರ, ನಿಮ್ಮ ರಿಪೋರ್ಟು ಪೂರಾ ತೆಗೀಲೇನ್ರಿ, ಕೆಳಗಿಂದಷ್ಟ ಸಾಕೇನ್ರಿ?” ಝೆರಾಕ್ಸ್ ಅಂಗಡಿಯಾಕೆ ಕೇಳಿದಳು.

“ಪೂರಾ ತೆಗಿಯವ್ವಾ,” ಅಂದೆ. “ಮ್ಯಾಲಿಂದ.”