ಗಂಜಿ ಹಚ್ಚಿದ ಪಟ್ಟಿ

ನಮ್ಮ ದೊಡ್ಡಮ್ಮನನ್ನು ಮಣಿಸುವುದೆಂದರೆ ಕಬ್ಬಿಣದ ಕಡಲೆ ಜಗಿದಂತೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಸಿ ರೋಲರ್‌ಗೆ ಬೆಡ್‌ಶೀಟ್ ಕೊಟ್ಟು ಇಸ್ತ್ರಿ ಮಾಡುವುದು ಅವಳ ಕೆಲಸ. ಅಲ್ಲಿಯ ಆವಿಗೆ ಗೋಡೆಯೂ ಬೆವರುತ್ತದೆ. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಒಮ್ಮೆ ಸಕ್ಕರೆ ಇಳಿದು, ಕಣ್ಣಿಗೆ ಕತ್ತಲೆ ಕವಿದು, ಕೈ ಇನ್ನೇನು ರೋಲರ್‌ಗೆ ಸಿಕ್ಕಬೇಕಿತ್ತು. ಪಕ್ಕದವಳು ರಟ್ಟೆ ಹಿಡಿದೆಳೆದಳು. ಅಂದಿನಿಂದ ಅವಳು ಕೆಲಸದಿಂದ ಬರುವವರೆಗೂ ಮನೆಯವರಿಗೆ ಜೀವದಲ್ಲಿ ಜೀವವಿಲ್ಲ.

ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಸಕ್ಕರೆ ಅಳೆಯುವ ಹೊಸದೊಂದು ಬಿಲ್ಲೆಯ ಪರೀಕ್ಷೆ ನಡೆದಿತ್ತು. ತೋಳಿಗೆ ಅಂಟಿಸಿಕೊಂಡರೆ, ಸಕ್ಕರೆ ಇಳಿದಾಗ ಕೀ ಕೀ ಎಂದು ಕೂಗುತ್ತದೆ. ದೊಡ್ಡಮ್ಮ ಹಟ ಹಿಡಿದು ಸೇರಿಕೊಂಡಳು. ಅಲ್ಲಿ ಬೆಂಚಿನ ಮೇಲೆ ಕೂತವರೆಲ್ಲ ಬೆಳ್ಳಗಿರುವವರು, ತಣ್ಣನೆ ಕೋಣೆಯಲ್ಲಿ ದುಡಿಯುವವರು. ಕಪ್ಪಗಿದ್ದವಳು, ಬೆವರು ಸುರಿಸುವವಳು ಇವಳೊಬ್ಬಳೇ.

ಬಿಲ್ಲೆ ಮೊದಲ ದಿನವೇ ಬೆವರಿಗೆ ಕಳಚಿ ಬಿತ್ತು. ಇನ್ನೊಂದು ಕೊಟ್ಟರು, ಅದೂ ಅಷ್ಟೆ. ಮೂರನೆಯದಕ್ಕೆ ದೊಡ್ಡಮ್ಮ ಕಸುಬಿನ ಬುದ್ಧಿ ಓಡಿಸಿದಳು. ಹರಿದ ಬೆಡ್‌ಶೀಟಿನ ಪಟ್ಟಿಗೆ ದಪ್ಪಗೆ ಗಂಜಿ ಬಳಿದು ತೋಳಿಗೆ ಸುತ್ತಿದಳು. ಗಂಜಿ ಒಣಗಿ, ತೋಳು ಮಡಚಲಾಗದೆ, ಮರದ ಗೊಂಬೆಯ ಹಾಗೆ ಓಡಾಡಿದಳು. ನಾವು ನಕ್ಕಿದ್ದೇ ನಕ್ಕಿದ್ದು. ಆದರೆ ರೋಲರ್ ಮುಂದೆ ಬಿಲ್ಲೆ ಕೂಗಿತು. ಅವಳು ಸಮಯಕ್ಕೆ ಸಕ್ಕರೆ ಬಾಯಿಗೆ ಹಾಕಿಕೊಂಡಳು.

ಮುಂದಿನ ತಪಾಸಣೆಯಲ್ಲಿ ಪಟ್ಟಿ ನೋಡಿ, ಪರೀಕ್ಷೆ ನಡೆಸುತ್ತಿದ್ದ ಡಾಕ್ಟರಮ್ಮ ನಗಲಿಲ್ಲ. ಬಿಲ್ಲೆಯ ಮೇಲೆ ಏನನ್ನೂ ಕಟ್ಟಬಾರದೆಂಬುದು ನಿಯಮ, ನಿಮ್ಮನ್ನು ಪರೀಕ್ಷೆಯಿಂದ ಕೈಬಿಡುತ್ತೇವೆ ಎಂದರು. ಬಿಲ್ಲೆ ನಿಲ್ಲದವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲವಂತೆ. ಆಮೇಲೆ ಎಲ್ಲರಿಗೂ ಸರಿಹೋಗುತ್ತದೆ ಅಂತ ಡಂಗುರ ಸಾರುವುದು! ಜೊತೆಗೆ ಹೋಗಿದ್ದ ನನಗೆ ಮೈಯೆಲ್ಲ ಉರಿಯಿತು.

ಬಿಲ್ಲೆ ತೆಗೆಯಲು ಅವರು ಕೈ ಚಾಚಿದರು. ದೊಡ್ಡಮ್ಮ ಅದರ ಮೇಲೆ ಅಂಗೈ ಮುಚ್ಚಿದಳು.

“ಬೆವರೋರಿಗೆ ಈ ಕಾಯಿಲೆ ಬರಲ್ವಾ ತಾಯಿ?”

ಅವರು ಮತ್ತೆ ಅದೇ ನಿಯಮದ ರಾಗ ಎಳೆದರು. ದೊಡ್ಡಮ್ಮ ಚೀಲದಿಂದ ಕಳಚಿ ಬಿದ್ದಿದ್ದ ಆ ಎರಡು ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಳು.

“ಬಿದ್ದಿದ್ದು ಇವು, ನಾನಲ್ಲ. ಹಾಗಂತ ಬರ್ಕೊಳ್ಳಿ. ಅಲ್ಲೀವರೆಗೂ ನಾನು ಏಳಲ್ಲ.”

ಹೋಗಿ ಬೆಂಚಿನ ಮೇಲೆ ಕೂತಳು. ಊಟದ ಹೊತ್ತಿಗೆ ಸುದ್ದಿ ಲಾಂಡ್ರಿಗೆ ಮುಟ್ಟಿತ್ತು. ಅದೇ ಕಾಯಿಲೆಯ ಬಾಯ್ಲರಿನವನು, ಅಡುಗೆಮನೆಯವಳು, ಒಬ್ಬೊಬ್ಬರಾಗಿ ಮೇಲೆ ಬಂದು ಅವಳ ಪಕ್ಕ ಕೂತರು. ಡಾಕ್ಟರಮ್ಮ ಹೊರಬಂದು ಬೆಂಚನ್ನೇ ನೋಡುತ್ತಾ ನಿಂತರು.

ದೊಡ್ಡಮ್ಮ ತೋಳಿನ ಮೇಲಿನ ಅಂಗೈ ತೆಗೆಯದೆ ಹೇಳಿದಳು: “ಇವರಿಗೂ ಅಂಟಿಸಿ. ಬಿದ್ರೆ, ಅದನ್ನೂ ಬರ್ಕೊಳ್ಳಿ.”